ಮುದಿ ರಾಕಿಯ ಎರಡು ಸಿನಿಮಾ: ಮೊದಲು ಯಾವುದು?
'ರಾಕಿ ಬಲ್ಬೋವಾ' (2006) ನೋಡಲೋ, 'ಕ್ರೀಡ್' (2015) ನೋಡಲೋ ಅಂತ ಕೇಳಿದ್ದೀರಿ. ಎರಡರಲ್ಲೂ ಸಿಲ್ವೆಸ್ಟರ್ ಸ್ಟಲೋನ್ ಬಾಕ್ಸರ್ ರಾಕಿಯ ಪಾತ್ರದಲ್ಲಿದ್ದಾನೆ. ನೀವು 1976ರ ಮೂಲ ಸಿನಿಮಾ 'ರಾಕಿ' ನೋಡಿದ್ದೀರಾ ಅನ್ನೋದರ ಮೇಲೆ ಉತ್ತರ ನಿಂತಿದೆ.

ನೋಡಿದ್ದರೆ 'ರಾಕಿ ಬಲ್ಬೋವಾ'. ಹೆಂಡತಿ ಏಡ್ರಿಯನ್ ತೀರಿಹೋಗಿದ್ದಾಳೆ. ಸಮಾಧಿಯ ಹತ್ತಿರದ ಮರದಲ್ಲಿ ರಾಕಿ ಒಂದು ಮಡಚುವ ಕುರ್ಚಿ ಇಟ್ಟಿರುತ್ತಾನೆ. ಬಂದಾಗಲೆಲ್ಲ ಅದನ್ನು ತೆಗೆದು, ಬಿಡಿಸಿ, ಅವಳ ಪಕ್ಕ ಕೂರುತ್ತಾನೆ. ಆ ಕುರ್ಚಿ ನೋಡಿದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಆದರೆ ಹಳೆಯ ನೆನಪು ಇಲ್ಲದವರಿಗೆ ಮೊದಲರ್ಧ ನಿಧಾನ ಅನ್ನಿಸೀತು.

ಮೂಲ ನೋಡದವರಿಗೆ 'ಕ್ರೀಡ್' ಸಲೀಸು. ಕಥೆ ರಾಕಿಯ ಹಳೆಯ ಎದುರಾಳಿ ಅಪೊಲೊ ಕ್ರೀಡ್‌ನ ಮಗ ಅಡೋನಿಸ್‌ನದು, ರಾಕಿ ಬರೀ ಗುರು. ಎರಡು ಗಂಟೆಗೂ ಹೆಚ್ಚು ಉದ್ದ, ಬೇಸರವಾಗದು.

ಬಾಕ್ಸಿಂಗ್ ಬೇಕೆನ್ನುವವರಿಗೂ 'ಕ್ರೀಡ್' ಮೇಲು: ಒಂದು ಪಂದ್ಯವಿಡೀ ಕಟ್ ಇಲ್ಲದ ಒಂದೇ ಶಾಟ್. 2006ರದರ ಕೊನೆಯ ಪಂದ್ಯ ಟಿವಿ ನೇರಪ್ರಸಾರದಂತಿದೆ. ಎದುರಾಳಿ ಆಂಟೋನಿಯೊ ಟಾರ್ವರ್ ನಿಜವಾದ ಬಾಕ್ಸರ್.

ಅಭಿನಯದಲ್ಲಿ? ಸ್ಟಲೋನ್‌ಗೆ ಆಸ್ಕರ್ ನಾಮನಿರ್ದೇಶನ ತಂದದ್ದು 'ಕ್ರೀಡ್'. ಕಾಯಿಲೆ ಬಿದ್ದ ರಾಕಿ ಚಿಕಿತ್ಸೆ ಬೇಡವೆನ್ನುವ ದೃಶ್ಯದಲ್ಲಿ ಅವನ ದನಿ ಏರುವುದೇ ಇಲ್ಲ. ಮನೆಯಲ್ಲಿ ಇತ್ತೀಚೆಗೆ ಅಂಥ ಕಾಯಿಲೆ ಕಂಡವರು ಸದ್ಯಕ್ಕೆ 2006ರದನ್ನೇ ಹಾಕಿಕೊಳ್ಳಿ.