ಮೊಸರು ಮಾಡುವ ಯಂತ್ರ: ಊಟಕ್ಕೆ ಬೇಡ, ಓವನ್‌ಗೆ ಬೇಕು

ಮೊದಲೇ ಹೇಳಿಬಿಡುತ್ತೇನೆ, ದಿನಾ ಊಟಕ್ಕೊಂದಿಷ್ಟು ಮೊಸರು ಇದ್ದರೆ ಸಾಕು ಅನ್ನುವವರು ಈ ಯಂತ್ರ ಕೊಳ್ಳಬೇಡಿ. ಉಗುರುಬೆಚ್ಚಗಿನ ಹಾಲು, ಒಂದು ಚಮಚ ಹೆಪ್ಪು, ಮುಚ್ಚಳ ಇರುವ ಪಾತ್ರೆ. ಇಷ್ಟಕ್ಕೆ ಕರೆಂಟು ಯಾಕೆ? ಆದರೆ ಮೊಸರು ಹಾಕಿ ಕೇಕು, ಬ್ರೆಡ್ಡು, ಗ್ರೇವಿ ಅಂತ ವಾರವಿಡೀ ಏನಾದರೂ ಮಾಡುತ್ತಲೇ ಇರುವವರ ಕಥೆ ಬೇರೆ. ನಾನು ಆ ಗುಂಪಿಗೆ ಸೇರಿದ್ದು. ತಟ್ಟೆಗೆ ಹಾಕಿಕೊಳ್ಳುವ ಮೊಸರು ಒಂದು ದಿನ ಸಪ್ಪೆ, ಇನ್ನೊಂದು ದಿನ ಹುಳಿ ಆದರೂ ಹೇಗೋ ನಡೆಯುತ್ತದೆ. ಕೇಕಿಗೆ ನಡೆಯುವುದಿಲ್ಲ. ಮೊಸರಲ್ಲಿ ಹುಳಿ ಎಷ್ಟಿದೆ, ನೀರು ಎಷ್ಟಿದೆ ಅನ್ನೋದರ ಮೇಲೆಯೇ ಅದು ಉಬ್ಬುವುದೋ ಕೂರುವುದೋ ತೀರ್ಮಾನ ಆಗುತ್ತದೆ.

ನನ್ನ ಹತ್ತಿರ ಇರುವುದು ಸಾಮಾನ್ಯ ಎಲೆಕ್ಟ್ರಿಕ್ ಮಾದರಿ. ಕೆಳಗೆ ಬಿಸಿಯಾಗುವ ತಟ್ಟೆ, ಮೇಲೆ ಪಾರದರ್ಶಕ ಮುಚ್ಚಳ, ನಡುವೆ ಏಳು ಪುಟ್ಟ ಗಾಜಿನ ಜಾಡಿಗಳು, ಜೊತೆಗೆ ಮೊಸರು ಸೋಸಲು ಸಣ್ಣ ರಂಧ್ರದ ಒಂದು ಬುಟ್ಟಿ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ, ಈ ನಮೂನೆಯವೆಲ್ಲ ಹೆಚ್ಚುಕಡಿಮೆ ಒಂದೇ ಥರ. ಡಬ್ಬದ ಮೇಲೆ ಏನೇನೋ ಬರೆದಿರುತ್ತಾರೆ, ಬಿಡಿ. ಒಳಗೆ ಇರುವುದು ಒಂದು ಸಣ್ಣ ಹೀಟರ್, ಒಂದು ಥರ್ಮೋಸ್ಟಾಟ್, ಒಂದು ಟೈಮರ್. ಮೂರೂ ಸೇರಿ ಮಾಡುವ ಕೆಲಸ ಒಂದೇ, ಹಾಲನ್ನು 40ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಗಂಟೆಗಟ್ಟಲೆ ಹಿಡಿದಿಡುವುದು. ಮೊಸರು ಮಾಡುವ ಎರಡು ಬ್ಯಾಕ್ಟೀರಿಯಾ, ಅಂದರೆ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್, ಈ ಬಿಸಿಯಲ್ಲೇ ಚುರುಕಾಗಿರುವುದು. ತಣ್ಣಗಾದರೆ ಸೋಮಾರಿಯಾಗುತ್ತವೆ, ಜಾಸ್ತಿ ಬಿಸಿಯಾದರೆ ಸಾಯುತ್ತವೆ.

ಡಬ್ಬದ ಮಾತು ನಂಬುವ ಬದಲು ನಾನು ಜಾಡಿಗಳಿಗೆ ನೀರು ತುಂಬಿ, ಯಂತ್ರ ಹಚ್ಚಿ, ಒಂದೆರಡು ಗಂಟೆ ಬಿಟ್ಟು ಅಡುಗೆಯ ಥರ್ಮಾಮೀಟರ್ ಅದ್ದಿ ನೋಡಿದೆ. ನಡುವಿನ ಜಾಡಿಯಲ್ಲಿ 43, ಅಂಚಿನವುಗಳಲ್ಲಿ 41. ಇದು ಒಳ್ಳೆಯ ಲೆಕ್ಕ. ನೀವು ಯಾವುದೇ ಯಂತ್ರ ಕೊಂಡರೂ ಹಾಲು ಹಾಕುವ ಮೊದಲು ಈ ಪರೀಕ್ಷೆ ಮಾಡಿ. 50ರ ಹತ್ತಿರ ತೋರಿಸಿದರೆ ಸುಮ್ನೆ ವಾಪಸ್ ಕಳಿಸಿ. ಅಂಥ ಯಂತ್ರದಲ್ಲಿ ಒಳ್ಳೆಯ ಮೊಸರು ನಿರೀಕ್ಷಿಸಬೇಡಿ.

ಒಂದು ವಿಷಯ ಜಾಹೀರಾತಿನಲ್ಲಿ ಸ್ಪಷ್ಟವಾಗಿ ಹೇಳುವುದಿಲ್ಲ. ಈ ಯಂತ್ರ ಹಾಲು ಕಾಯಿಸುವುದಿಲ್ಲ. ಅದು ನಿಮ್ಮದೇ ಕೆಲಸ. ಹಾಲನ್ನು ಒಲೆಯ ಮೇಲೆ 85 ಡಿಗ್ರಿಯವರೆಗೆ ಕಾಯಿಸಿ, ಕೆಲವು ನಿಮಿಷ ಅಲ್ಲೇ ಇರಲು ಬಿಟ್ಟು, ಮತ್ತೆ 43ರ ಆಸುಪಾಸಿಗೆ ಇಳಿಸಿಕೊಂಡು ಹೆಪ್ಪು ಕದಡಬೇಕು. ಕಾಯಿಸುವುದು ಬರೀ ಕೆಟ್ಟ ಸೂಕ್ಷ್ಮಾಣು ಸಾಯಲಿ ಅಂತಲ್ಲ. ಆ ಬಿಸಿಗೆ ಹಾಲಿನ ನೀರಲ್ಲಿ ಕರಗಿರುವ ಪ್ರೋಟೀನು ಬಿಚ್ಚಿಕೊಂಡು, ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಮೊಸರು ಗಟ್ಟಿಯಾಗುತ್ತದೆ, ನೀರು ಕಡಿಮೆ ಬಿಡುತ್ತದೆ. ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಉಳಿಯುವ ಪೊಟ್ಟಣದ ಯುಎಚ್‌ಟಿ ಹಾಲಾದರೆ ಆಗಲೇ ಜೋರಾಗಿ ಕಾಯಿಸಿದ್ದೇ, ಬೆಚ್ಚಗೆ ಮಾಡಿಕೊಂಡರೆ ಸಾಕು. ಇನ್ನೂ ಗಟ್ಟಿ ಬೇಕು ಅಂದರೆ ಲೀಟರಿಗೆ ಎರಡು ಮೂರು ದೊಡ್ಡ ಚಮಚ ಹಾಲಿನ ಪುಡಿ ಹಾಕಿ ಕಾಯಿಸಿ.

ಯಂತ್ರದ ನಿಜವಾದ ಬಲ ಟೈಮರ್. ಆರು ಗಂಟೆಗೆ ತೆಗೆದರೆ ಮೆತ್ತಗಿನ, ಹುಳಿ ಕಡಿಮೆ ಇರುವ ಮೊಸರು. ಎಂಟು ಗಂಟೆಗೆ ಮಧ್ಯಮ. ಹತ್ತರಿಂದ ಹನ್ನೆರಡು ಬಿಟ್ಟರೆ ನಾಲಿಗೆ ಚುರುಗುಟ್ಟುವ ಹುಳಿ. ಒಮ್ಮೆ ನಿಮ್ಮ ಹಾಲಿಗೆ, ನಿಮ್ಮ ಹೆಪ್ಪಿಗೆ ಎಷ್ಟು ಗಂಟೆ ಅಂತ ಗೊತ್ತಾದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹುಳಿ, ಅದೇ ಗಟ್ಟಿ. ಬೇಕಿಂಗ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆದರೆ ಟೈಮರ್ ಮುಗಿದ ಮೇಲೆ ಅದು ಬೀಪ್ ಅಂದು ಆಫ್ ಆಗುತ್ತದೆ ಅಷ್ಟೇ, ತಂಪು ಮಾಡುವುದಿಲ್ಲ. ಜಾಡಿಗಳು ಬೆಚ್ಚಗೇ ಇರುತ್ತವೆ, ಹುಳಿ ಏರುತ್ತಲೇ ಹೋಗುತ್ತದೆ. ಆದ್ದರಿಂದ ರಾತ್ರಿ ಮಲಗುವಾಗ ಆರು ಗಂಟೆ ಇಟ್ಟು ಬೆಳಿಗ್ಗೆ ತಡವಾಗಿ ಎದ್ದರೆ ಆ ಆರು ಗಂಟೆಗೆ ಅರ್ಥವೇ ಇಲ್ಲ, ಅಲ್ವಾ?

ಈಗ ಕೇಕಿನ ವಿಷಯ. ಅಡಿಗೆ ಸೋಡಾ ಒಬ್ಬಂಟಿಯಾಗಿ ಏನೂ ಚೆನ್ನಾಗಿ ಮಾಡುವುದಿಲ್ಲ, ಅದಕ್ಕೆ ಹುಳಿ ಬೇಕು. ಮೊಸರಿನ ಲ್ಯಾಕ್ಟಿಕ್ ಆಮ್ಲ ಸಿಕ್ಕಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಆ ಗುಳ್ಳೆಗಳೇ ಕೇಕನ್ನು ಎತ್ತುವುದು. ಹುಳಿ ಮೊಸರು ಒಂದು ಕಪ್ ಇದ್ದರೆ ಸುಮಾರು ಅರ್ಧ ಟೀ ಚಮಚ ಸೋಡಾ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಉಳಿದ ಸೋಡಾ ಸೋಪಿನ ರುಚಿ ಕೊಡುತ್ತದೆ, ಬಣ್ಣವೂ ಕಂದು ತಿರುಗುತ್ತದೆ. ಆರು ಗಂಟೆಯ ಸಪ್ಪೆ ಮೊಸರಿಗೆ ಅಷ್ಟೇ ಸೋಡಾ ಹಾಕಿದರೂ ಅದೇ ಗತಿ. ಅದಕ್ಕೇ ನಾನು ಕೇಕಿಗೆ ಅಂತಲೇ ಎರಡು ಜಾಡಿ ಹತ್ತು ಗಂಟೆ ಬಿಡುತ್ತೇನೆ, ಊಟದ ಜಾಡಿಗಳನ್ನು ಮೊದಲೇ ಎತ್ತಿ ಫ್ರಿಜ್ಜಿಗೆ ಇಡುತ್ತೇನೆ. ಒಂದೇ ದೊಡ್ಡ ಪಾತ್ರೆ ಇರುವ ಮಾದರಿಯಲ್ಲಿ ಈ ಸೌಕರ್ಯ ಇಲ್ಲ. ಹಾಗಾಗಿ ಬೇಕಿಂಗ್ ಮಾಡುವವರು ಜಾಡಿ ಇರುವ ಮಾದರಿಯನ್ನೇ ಆರಿಸಿಕೊಳ್ಳಿ. ಇನ್ನೊಂದು, ಸೋಡಾ ಹಾಕಿದ ಹಿಟ್ಟು ಕಾಯುವುದಿಲ್ಲ. ಓವನ್ ಮೊದಲೇ ಬಿಸಿಯಾಗಿರಲಿ, ಕಲಸಿದ ತಕ್ಷಣ ಒಳಗೆ ಹೋಗಲಿ.

ಜಾಡಿಯನ್ನೇ ಅಳತೆ ಮಾಡಿಕೊಳ್ಳುವ ಒಂದು ಸರಳ ಕೇಕು ಇದೆ, ಇದಕ್ಕೆ ತಕ್ಕಡಿಯೂ ಬೇಡ. ಒಂದು ಜಾಡಿ ಮೊಸರು, ಎರಡು ಜಾಡಿ ಸಕ್ಕರೆ, ಮೂರು ಜಾಡಿ ಮೈದಾ, ಅರ್ಧ ಜಾಡಿಗಿಂತ ಸ್ವಲ್ಪ ಜಾಸ್ತಿ ಎಣ್ಣೆ, ಮೂರು ಮೊಟ್ಟೆ, ಎರಡು ಟೀ ಚಮಚ ಬೇಕಿಂಗ್ ಪೌಡರ್. ಇದು 125 ಮಿಲಿ ಜಾಡಿಯ ಲೆಕ್ಕ, ನಿಮ್ಮದು ದೊಡ್ಡದಿದ್ದರೆ 125ರ ಗುರುತಿನವರೆಗೆ ಮಾತ್ರ ತುಂಬಿ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ನನಗೆ ಎರಡು ಜಾಡಿ ಸಕ್ಕರೆ ಜಾಸ್ತಿ ಅನಿಸುತ್ತದೆ, ಒಂದೂವರೆ ಸಾಕು. ಈ ಕೇಕು ಮರುದಿನ ಇನ್ನೂ ಚೆನ್ನಾಗಿರುತ್ತದೆ, ಒಣಗುವುದಿಲ್ಲ. ಮೊಟ್ಟೆ ತಿನ್ನದವರು ಒಂದೊಂದು ಮೊಟ್ಟೆಯ ಬದಲು ಕಾಲು ಕಪ್ ಮೊಸರು ಹಾಕುವುದುಂಟು. ಒಂದು ಮೊಟ್ಟೆಯ ಕೇಕಿಗೆ ಅದು ಸರಿ. ಮೂರು ಮೊಟ್ಟೆಗೂ ಹಾಗೇ ಮಾಡಿದರೆ ನಡುಭಾಗ ಹಸಿ ಹಸಿಯಾಗಿ ಕೂರುತ್ತದೆ, ಅದಕ್ಕೆ ಬೇರೆಯದೇ ಪಾಕವಿಧಾನ ಹುಡುಕಿಕೊಳ್ಳಿ.

ಸೋಸುವ ಬುಟ್ಟಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಇಡೀ ಡಬ್ಬದಲ್ಲಿ ನಾನು ಅತಿ ಹೆಚ್ಚು ಬಳಸುವುದು ಅದನ್ನೇ. ಬಟ್ಟೆ ಕಟ್ಟಿ ನೇತುಹಾಕುವ, ಹಿಂಡುವ, ಆಮೇಲೆ ಆ ಬಟ್ಟೆ ತೊಳೆಯುವ ರಗಳೆ ಇಲ್ಲ. ಮೊಸರು ಸುರಿದು, ಮುಚ್ಚಿ, ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ಗಂಟೆಯಲ್ಲಿ ಚಮಚ ನಿಲ್ಲುವಷ್ಟು ಗಟ್ಟಿ, ಇಡೀ ರಾತ್ರಿ ಬಿಟ್ಟರೆ ಬ್ರೆಡ್ಡಿಗೆ ಬೆಣ್ಣೆಯಂತೆ ಸವರಬಹುದು. ಪ್ರಮಾಣ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ಸಿದ್ಧರಾಗಿರಿ. ಈ ಗಟ್ಟಿ ಮೊಸರಿನಿಂದ ಯೀಸ್ಟ್ ಇಲ್ಲದೆ ಬಿಸಿ ಬಿಸಿ ಚಪ್ಪಟೆ ಬ್ರೆಡ್ ಮಾಡಬಹುದು. ಒಂದು ಕಪ್ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಹಿಡಿಯುವಷ್ಟು ಗಟ್ಟಿ ಮೊಸರು, ಅಂದರೆ ಮುಕ್ಕಾಲು ಕಪ್‌ನಷ್ಟು. ಕಲಸಿ, ಹತ್ತು ನಿಮಿಷ ಬಿಟ್ಟು, ಲಟ್ಟಿಸಿ, ಒಣ ಕಾವಲಿಯ ಮೇಲೆ ಬೇಯಿಸಿದರೆ ಮುಗಿಯಿತು. ಸೋಸದ ಮೊಸರಲ್ಲಿ ಇದನ್ನು ಮಾಡಹೊರಟರೆ ಹಿಟ್ಟು ಕೈಗೆಲ್ಲ ಮೆತ್ತಿಕೊಂಡು ಮೈದಾ ಸುರಿಯುತ್ತಲೇ ಇರಬೇಕಾಗುತ್ತದೆ.

ಕೆಳಗೆ ಇಳಿದ ಹಳದಿ ನೀರನ್ನು ಚೆಲ್ಲಬೇಡಿ. ಬ್ರೆಡ್ ಹಿಟ್ಟು ನಾದುವಾಗ ನೀರಿನ ಬದಲು ಅದನ್ನೇ ಹಾಕಿ. ಸಣ್ಣ ಹುಳಿ ಬರುತ್ತದೆ, ಅದರಲ್ಲಿರುವ ಲ್ಯಾಕ್ಟೋಸ್‌ನಿಂದ ಮೇಲಿನ ಪದರ ಚೆನ್ನಾಗಿ ಕೆಂಪಗಾಗುತ್ತದೆ.

ಗ್ರೇವಿಯಲ್ಲಿ ಮೊಸರು ಒಡೆಯುವ ಸಮಸ್ಯೆಗೂ ಯಂತ್ರದಿಂದ ಅರ್ಧ ಪರಿಹಾರ ಸಿಕ್ಕಿತು. ಹುಳಿ ಜಾಸ್ತಿಯಾದಷ್ಟೂ, ಕೊಬ್ಬು ಕಡಿಮೆಯಾದಷ್ಟೂ ಮೊಸರು ಬಿಸಿಗೆ ಬೇಗ ಒಡೆಯುತ್ತದೆ. ಆದ್ದರಿಂದ ಇಲ್ಲಿಗೆ ಕೆನೆಭರಿತ ಹಾಲಿನ, ಆರು ಗಂಟೆಯ ಮೊಸರು. ಉಳಿದ ಅರ್ಧ ನಮ್ಮ ಕೈಯಲ್ಲಿ. ಮೊಸರು ಫ್ರಿಜ್ಜಿನಿಂದ ನೇರ ಬಾಣಲೆಗೆ ಬೀಳಬಾರದು. ಒಂದು ಕಪ್ ಮೊಸರಿಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ ಕಡೆದು, ಬಿಸಿ ಗ್ರೇವಿಯನ್ನು ಸೌಟು ಸೌಟಾಗಿ ಅದಕ್ಕೇ ಬೆರೆಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಸೇರಿಸಿ. ಕೊತಕೊತ ಕುದಿಸಲು ಹೋಗಬೇಡಿ.

ಜೊತೆಗೆ ಬಂದ ಪಾಕವಿಧಾನದ ಪುಸ್ತಕ ಮಾತ್ರ ದಂಡ. ಮಾಂಸ, ಮೀನು ಎರಡಕ್ಕೂ 24 ಗಂಟೆ ಮೊಸರಲ್ಲಿ ನೆನೆಸಿ ಅನ್ನುತ್ತದೆ. ಕೋಳಿಗೆ ಕೆಲವು ಗಂಟೆ ಸರಿ, ಮೀನಿಗೆ ಅರ್ಧ ಗಂಟೆ ಸಾಕು, ಒಂದು ದಿನ ಬಿಟ್ಟರೆ ಅದು ಮೆತ್ತಗಾಗಿ ಕೈಗೇ ಸಿಗುವುದಿಲ್ಲ. ಕೇಕಿನ ಪುಟದಲ್ಲಿ ಜೀವಂತ ಬ್ಯಾಕ್ಟೀರಿಯಾ ಹೊಟ್ಟೆಗೆ ಒಳ್ಳೆಯದು ಅಂತ ಬರೆದಿದ್ದಾರೆ! ಬೆಂದ ಕೇಕಿನ ಒಳಗೆ 95 ಡಿಗ್ರಿಯ ಹತ್ತಿರ ಬಿಸಿ ಇರುತ್ತದೆ, ಅಲ್ಲಿ ಯಾವ ಲ್ಯಾಕ್ಟೋಬ್ಯಾಸಿಲಸ್ ಉಳಿದಿರುತ್ತದೆ? ಮೊಸರಿನ ಕೇಕನ್ನು ರುಚಿಗೆ ತಿನ್ನಿ, ಔಷಧಿ ಅಂತಲ್ಲ.

ಯಂತ್ರದ ಮೇಲೆ ನನ್ನ ದೂರುಗಳೂ ಇವೆ. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಟೈಮರ್ ಸೊನ್ನೆಗೆ ಬಂದು ಸುಮ್ಮನೆ ಕೂತುಬಿಡುತ್ತದೆ, ಎಷ್ಟು ಗಂಟೆ ಆಗಿತ್ತು ಅನ್ನುವುದು ಅದಕ್ಕೆ ನೆನಪಿರುವುದಿಲ್ಲ. ಶುರು ಮಾಡಿದ ಹೊತ್ತನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ನನಗೆ ಅಭ್ಯಾಸವಾಗಿದೆ. ಇಷ್ಟು ದುಡ್ಡು ತೆಗೆದುಕೊಂಡು ಒಂದು ನೆನಪಿನ ಚಿಪ್ ಕೊಡಲಿಕ್ಕೆ ಏನು ಕಷ್ಟ? ದೊಡ್ಡ ಮುಚ್ಚಳದಲ್ಲಿ ಹಬೆ ಕಟ್ಟಿ ನೀರು ಹನಿಯುತ್ತದೆ. ಜಾಡಿಗಳ ಪುಟ್ಟ ಮುಚ್ಚಳ ಹಾಕಬೇಡಿ ಅಂತ ಪುಸ್ತಕ ಹೇಳಿದರೂ ನಾನು ಸಡಿಲವಾಗಿ ಇಡುತ್ತೇನೆ, ಇಲ್ಲದಿದ್ದರೆ ಮೊಸರಿನ ಮೇಲೆ ನೀರಿನ ಕೊಳ. ಬೀಪ್ ಸದ್ದು ಮನೆಮಂದಿಯನ್ನೆಲ್ಲ ಎಬ್ಬಿಸುವಷ್ಟು ಜೋರು, ಕಡಿಮೆ ಮಾಡುವ ದಾರಿಯೂ ಇಲ್ಲ.

ಹೆಪ್ಪಿಗೆ ಏನೂ ಬೆರೆಸದ ಸಾದಾ ಮೊಸರು ಯಾವುದಾದರೂ ಆಗುತ್ತದೆ, ಜೀವಂತ ಬ್ಯಾಕ್ಟೀರಿಯಾ ಇದ್ದರೆ ಸರಿ. ಒಂದು ಜಾಡಿ ಮುಂದಿನ ಸಲಕ್ಕೆ ಎತ್ತಿಡಿ, ಒಂದು ವಾರದೊಳಗೆ ಬಳಸಿ. ಹೀಗೆ ಮುಂದುವರಿಸುತ್ತಾ ಹೋದಂತೆ ಒಂದು ಹಂತದಲ್ಲಿ ಮೊಸರು ಲೋಳೆಯಾಗುವುದೋ ತೆಳುವಾಗುವುದೋ ಶುರುವಾಗಬಹುದು, ಆಗ ಹೊಸ ಹೆಪ್ಪು ತನ್ನಿ, ಯಂತ್ರ ಕೆಟ್ಟಿತು ಅಂದುಕೊಳ್ಳಬೇಡಿ. ಹಣ್ಣು, ಸಕ್ಕರೆ ಏನಿದ್ದರೂ ಮೊಸರು ಆದ ಮೇಲೆ.

ತೊಳೆಯುವುದು ಸುಲಭ, ಗಾಜಿಗೆ ವಾಸನೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳಗಳಿಗೆ ಹಿಡಿಯುತ್ತದೆ, ಸೋಡಾ ಬೆರೆಸಿದ ಬಿಸಿನೀರಲ್ಲಿ ನೆನೆಸಿಟ್ಟರೆ ಹೋಗುತ್ತದೆ. ಕೊಳ್ಳುವ ಮೊದಲು ಬಿಡಿ ಮುಚ್ಚಳ ಸಿಗುತ್ತದೆಯೇ ಅಂತ ಕೇಳಿಕೊಳ್ಳಿ, ಜಾಡಿ ಒಡೆಯುವುದಕ್ಕಿಂತ ಮೊದಲು ಬಿರುಕು ಬಿಡುವುದು ಅವೇ.