ದೇರ್ ಎಲ್-ಮದೀನಾ: ಕುಶಲಕರ್ಮಿಗಳ ಊರು, ಹಾಥೋರಳ ಗುಡಿ

ಈಜಿಪ್ಟಿನ ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಂಡೆಗೆ ಬರುವವರಲ್ಲಿ ಹಲವರು ಪ್ರಾಚೀನ ದೊರೆಗಳ ಗೋರಿಗಳಿರುವ ರಾಜರ ಕಣಿವೆಯನ್ನು ನೋಡಿ ಹಿಂದಿರುಗುತ್ತಾರೆ; ಆ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರಿಸಿದ ಕುಶಲಕರ್ಮಿಗಳು ಸಂಸಾರ ಸಮೇತ ನೆಲೆಸಿದ್ದ ದೇರ್ ಎಲ್-ಮದೀನಾಕ್ಕೂ ಅರ್ಧ ದಿನ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಕಿರಿದಾದ ಓಣಿಯ ಇಕ್ಕೆಲಗಳಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳ ಗೋಡೆ, ಮೆಟ್ಟಿಲು, ನೆಲಮಾಳಿಗೆಗಳ ಗುರುತು ಇನ್ನೂ ಸ್ಪಷ್ಟವಾಗಿದೆ. ಪ್ರಾಚೀನ ಈಜಿಪ್ಟಿನ ದೊರೆ ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ, ಕೂಲಿಯ ಧಾನ್ಯ ಸಕಾಲಕ್ಕೆ ಬಾರದೆ ಕೆಲಸ ನಿಲ್ಲಿಸಿದವರು ಇದೇ ಮನೆಗಳವರು.

ಊರಿನ ಉತ್ತರಕ್ಕಿರುವ ಹಾಥೋರ್ ದೇವಿಯ ಗುಡಿ ಊರಿಗಿಂತ ಬಹಳ ಈಚಿನದು, ಕ್ರಿ.ಪೂ. 3ನೇ ಶತಮಾನದಲ್ಲಿ ದೊರೆ ನಾಲ್ಕನೆಯ ಟಾಲೆಮಿ ಅದನ್ನು ಆರಂಭಿಸಿದ. ಹಸಿ ಇಟ್ಟಿಗೆಯ ಎತ್ತರದ ಪ್ರಾಕಾರದೊಳಗಿನ ಈ ಪುಟ್ಟ ಗುಡಿಯ ಮೂರು ಗರ್ಭಗೃಹಗಳ ಪೈಕಿ ಎಡಗಡೆಯದರಲ್ಲಿ, ಸಾಮಾನ್ಯವಾಗಿ ಗೋರಿಗಳಲ್ಲೂ ಪಪೈರಸ್ ಸುರುಳಿಗಳಲ್ಲೂ ಕಾಣುವ, ಪರಲೋಕದ ತೀರ್ಪಿಗಾಗಿ ಸತ್ತವರ ಹೃದಯ ತೂಗುವ ದೃಶ್ಯವನ್ನು ಕೆತ್ತಲಾಗಿದೆ: ತಕ್ಕಡಿಯ ಬಳಿ ಹೋರಸ್ ಮತ್ತು ಅನುಬಿಸ್ ದೇವತೆಗಳು, ತೀರ್ಪು ಬರೆದುಕೊಳ್ಳುವ ದೇವತೆ ಥೋಥ್, ತಪ್ಪಿತಸ್ಥರ ಹೃದಯ ನುಂಗಲು ಕಾದು ಕುಳಿತ ಅಮ್ಮಿತ್ ಎಂಬ ಮೃಗ, ಸಿಂಹಾಸನದಲ್ಲಿ ಪರಲೋಕದ ಒಡೆಯ ಒಸಿರಿಸ್. ಗುಡಿಯ ಗೋಡೆಯ ಮೇಲೆ ಇಂಥ ಕೆತ್ತನೆ ಅಪರೂಪ. ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳುವವರೆಗೆ ನಿಂತು ನೋಡಬೇಕು.

ಪಕ್ಕದಲ್ಲಿರುವ, ಇದೇ ಊರಿನ ಕುಶಲಕರ್ಮಿ ಸೆನ್ನೆಜೆಮ್‌ನ ಗೋರಿ ತೀರ ಇಕ್ಕಟ್ಟು, ಆದರೆ ಅಲ್ಲಿ ದಂಪತಿ ಪರಲೋಕದ ಹೊಲ ಉಳುವ ಚಿತ್ರದ ಬಣ್ಣ ಮಾಸಿಲ್ಲ. ಹೊರಗೆಲ್ಲೂ ನೆರಳಿಲ್ಲವಾದ್ದರಿಂದ ಬೆಳಗ್ಗೆಯೇ ಹೋಗುವುದು ಲೇಸು.