ನೋವಿಗೂ ಮೊದಲೇ ನೀರು ಹೋದಾಗ: ಶಿವಮೊಗ್ಗದ ಹೆರಿಗೆ ಆಸ್ಪತ್ರೆಯೊಂದರ ಸೇವೆಯ ಕುರಿತು

ಹೆರಿಗೆ ಆಸ್ಪತ್ರೆಗಳ ಬಗ್ಗೆ ಜನ ಬರೆಯುವ ಅಭಿಪ್ರಾಯಗಳಲ್ಲಿ ಕೋಣೆ ಸ್ವಚ್ಛವಾಗಿತ್ತೇ, ಊಟ ಹೇಗಿತ್ತು, ಕಾರು ನಿಲ್ಲಿಸಲು ಜಾಗವಿತ್ತೇ, ಕೊನೆಗೆ ನಾರ್ಮಲ್ ಆಯಿತೇ ಸಿಸೇರಿಯನ್ ಆಯಿತೇ ಎಂಬ ವಿವರಗಳೇ ಹೆಚ್ಚು. ತಂಗಿಯ ಚೊಚ್ಚಲ ಹೆರಿಗೆಯಲ್ಲಿ ಜೊತೆಗಿದ್ದ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ದಿನ ತುಂಬಿದ ಬಸುರಿಗೆ ನೋವು ಬರುವ ಮೊದಲೇ ನೀರು ಸೋರತೊಡಗಿದರೆ, ಆ ಸೋರಿಕೆಗೂ ನೋವಿಗೂ ನಡುವಿನ ಹೊತ್ತನ್ನು ಆಸ್ಪತ್ರೆಯವರು ಹೇಗೆ ಕಾಯುತ್ತಾರೆ ಮತ್ತು ಬಸುರಿಯನ್ನು ಹೇಗೆ ಕಾಯಿಸುತ್ತಾರೆ ಎಂಬುದರಲ್ಲಿ ಅವರ ವೈದ್ಯಕೀಯದ ಗುಣ ಗೊತ್ತಾಗುತ್ತದೆ. ಶಿವಮೊಗ್ಗದ ಮಧ್ಯಮ ಗಾತ್ರದ ಖಾಸಗಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ನಾವು ಪಡೆದ ಸೇವೆಯನ್ನು ಈ ಒಂದು ದೃಷ್ಟಿಯಿಂದಲೇ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ, ಮತ್ತು ಆ ಆಕ್ಷೇಪಗಳು ಅದೊಂದೇ ಆಸ್ಪತ್ರೆಗೆ ಸೀಮಿತವಲ್ಲವೆಂದು ನನಗೆ ಅನ್ನಿಸುವುದರಿಂದ, ಅದರ ಹೆಸರನ್ನು ಬರೆಯುತ್ತಿಲ್ಲ.

37 ವಾರ ತುಂಬಿದ ಬಸುರಿಯರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಹೀಗೆ ನೋವಿಗಿಂತ ಮೊದಲು ನೀರು ಹೋಗುತ್ತದೆ. ಅವರಲ್ಲಿ ನೂರಕ್ಕೆ 60ರಷ್ಟು ಮಂದಿಗೆ 24 ಗಂಟೆಯೊಳಗೆ ತಾನಾಗಿಯೇ ನೋವು ಹಿಡಿಯುತ್ತದೆ. ಹಾಗೆಂದು ಸುಮ್ಮನೆ ಕುಳಿತುಕೊಳ್ಳುವಂತಿಲ್ಲ. ನೀರಿನ ಚೀಲವು ಮಗುವಿಗೂ ಹೊರಗಿನ ರೋಗಾಣುಗಳಿಗೂ ನಡುವೆ ಇರುವ ತಡೆಯಾದ್ದರಿಂದ ಅದು ಒಡೆದು ಹೊತ್ತು ಕಳೆದಂತೆ ತಾಯಿಗೂ ಮಗುವಿಗೂ ಸೋಂಕು ತಗಲುವ ಸಾಧ್ಯತೆ ಹೆಚ್ಚುತ್ತ ಹೋಗುತ್ತದೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಕೊಡುವ ಲೆಕ್ಕದಂತೆ, ಮಗುವಿಗೆ ಗಂಭೀರ ಸೋಂಕಾಗುವ ಸಾಧ್ಯತೆ ಚೀಲ ಒಡೆಯದಿದ್ದಾಗ 200ಕ್ಕೆ ಒಂದಿದ್ದರೆ ಹೀಗೆ ಮೊದಲೇ ಒಡೆದಾಗ 100ಕ್ಕೆ ಒಂದಾಗುತ್ತದೆ. ಈ ಎರಡು ಲೆಕ್ಕಗಳನ್ನೂ ಮನೆಯವರ ಮುಂದೆ ಒಟ್ಟಿಗೆ ಇಡುವ ವೈದ್ಯರು ಸಿಕ್ಕರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಒಂದನ್ನು ಮಾತ್ರ ಹೇಳಿದರೆ ಅನಗತ್ಯ ಗಾಬರಿಯೋ ಅನಗತ್ಯ ಧೈರ್ಯವೋ ಹುಟ್ಟುತ್ತದೆ.

ಮೊದಲ ಮೆಚ್ಚುಗೆ ಅವರ ದೂರವಾಣಿ ಸೇವೆಗೆ ಸಲ್ಲಬೇಕು. ನಮ್ಮ ತವರು ತೀರ್ಥಹಳ್ಳಿಯ ಹತ್ತಿರ. ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಎಷ್ಟು ಹೊತ್ತಾಗುತ್ತದೆಂದು ಹೇಳಲು ಬರುವುದಿಲ್ಲ. ನಸುಕಿನಲ್ಲಿ ಕರೆ ಮಾಡಿದಾಗ ಎತ್ತಿಕೊಂಡವರು ಸ್ವಾಗತಕಾರರಲ್ಲ, ಲೇಬರ್ ವಾರ್ಡಿನ ಹಿರಿಯ ಸಿಸ್ಟರ್. ಅವರು ತಾಯಿ ಕಾರ್ಡ್ ತೆಗೆದುಕೊಳ್ಳಲು ಹೇಳಿ, ಎಷ್ಟು ವಾರ, ಕೊನೆಯ ಸ್ಕ್ಯಾನಿಂಗಿನಲ್ಲಿ ತಲೆ ಕೆಳಗಿತ್ತೇ, ನೀರಿನ ಬಣ್ಣ ಹೇಗಿದೆ, ವಾಸನೆ ಇದೆಯೇ, ಮಗು ಎಂದಿನಂತೆ ಆಡುತ್ತಿದೆಯೇ, ಜ್ವರವಿದೆಯೇ ಎಂದು ಒಂದೊಂದಾಗಿ ಕೇಳಿದರು. "ಪ್ಯಾಡ್ ಹಾಕಿಕೊಂಡು ಸ್ವಲ್ಪ ಹೊತ್ತು ಮಲಗಿ ಎದ್ದು ನೋಡಲಿ, ಎದ್ದ ಕೂಡಲೇ ಮತ್ತೆ ಹೋದರೆ ನೀರೇ ಇರಬಹುದು, ಆದರೆ ಅದನ್ನು ನೋಡಿಕೊಂಡು ಅಲ್ಲೇ ಇರಬೇಡಿ, ಹೊರಡುವ ತಯಾರಿ ಮಾಡಿಕೊಳ್ಳುತ್ತಲೇ ನೋಡಿ" ಎಂದರು. ತುಂಬು ಬಸುರಿಯರಲ್ಲಿ ಮೂತ್ರ ಸೋರುವುದೂ ಬಿಳಿ ಹೋಗುವುದೂ ಸಾಮಾನ್ಯವಾದ್ದರಿಂದ ಈ ಗೊಂದಲ ಎಲ್ಲ ಮನೆಗಳಲ್ಲಿಯೂ ಆಗುತ್ತದೆ. ನೀರು ಹಸಿರು ಇಲ್ಲವೇ ಕಂದು ಬಣ್ಣಕ್ಕಿದ್ದರೆ ಮಗು ಒಳಗೇ ಮಲ ಮಾಡಿರುವ ಸೂಚನೆ, ಕೆಂಪು ರಕ್ತ ಹೋದರೆ, ಮಗುವಿನ ಆಟ ಕಡಿಮೆಯಾದರೆ, ಬಳ್ಳಿಯಂಥದ್ದು ಕೆಳಗೆ ಜಾರಿದಂತೆ ಅನ್ನಿಸಿದರೆ ಒಂದು ಕ್ಷಣವೂ ತಡ ಮಾಡದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೇ ಹೋಗಬೇಕು, ಶಿವಮೊಗ್ಗದವರೆಗೆ ಬರಬಾರದು ಎಂದೂ ಸೇರಿಸಿದರು. ತಮ್ಮಲ್ಲಿಗೇ ಬರಬೇಕೆಂದು ಹಟ ಹಿಡಿಯದ ಆ ಒಂದು ಮಾತು ಖಾಸಗಿ ಆಸ್ಪತ್ರೆಯೊಂದರಿಂದ ಬಂದದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಆಸ್ಪತ್ರೆ ತಲುಪಿದ ಮೇಲೆ ನಡೆದ ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಡೀ ಸೇವೆಯಲ್ಲಿ ಅತ್ಯಂತ ಮೌಲ್ಯದ್ದು ಇದೇ. ಸಾಮಾನ್ಯವಾಗಿ ಹೆರಿಗೆಗೆ ಬಂದವರನ್ನು ಮೊದಲು ಕೈಯಿಂದ ಒಳಪರೀಕ್ಷೆ ಮಾಡಿ ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ನೋಡುವ ರೂಢಿಯಿದೆ. ನೀರು ಹೋಗಿ ನೋವಿಲ್ಲದವರಲ್ಲಿ ಈ ರೂಢಿಯೇ ತೊಂದರೆಗೆ ದಾರಿ, ಏಕೆಂದರೆ ಬೆರಳಿನ ಪ್ರತಿಯೊಂದು ಪರೀಕ್ಷೆಯೂ ಕೆಳಗಿನ ರೋಗಾಣುಗಳನ್ನು ಮೇಲಕ್ಕೆ ಒಯ್ಯಬಲ್ಲದು, ಪರೀಕ್ಷೆಗಳ ಸಂಖ್ಯೆ ಹೆಚ್ಚಿದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ. ಇಲ್ಲಿನ ವೈದ್ಯರು ಕೈ ಹಾಕದೆ, ಯೋನಿಯನ್ನು ಅಗಲಿಸಿ ಒಳಗೆ ನೋಡುವ ಉಪಕರಣವಾದ ಸ್ಪೆಕ್ಯುಲಮ್ ಅನ್ನು ಕ್ರಿಮಿಶುದ್ಧ ಮಾಡಿ ಇಟ್ಟು ತಂಗಿಯನ್ನು ಕೆಮ್ಮಲು ಹೇಳಿ, ಗರ್ಭದ ಬಾಯಿಂದ ನೀರು ಇಳಿದು ನಿಲ್ಲುತ್ತದೆಯೇ ಎಂದು ಕಣ್ಣಿನಿಂದ ನೋಡಿದರು. ಅನಂತರ ನೈಟ್ರಜೀನ್ ಕಾಗದ ತಾಗಿಸಿದರು. ಯೋನಿಯ ಸಹಜ ಸ್ರಾವ ಆಮ್ಲೀಯವಾಗಿರುತ್ತದೆ, ಗರ್ಭದ ನೀರು ಅಲ್ಪ ಕ್ಷಾರೀಯ. ಹೀಗಾಗಿ ನೀರು ತಾಗಿದರೆ ಹಳದಿ ಕಾಗದ ನೀಲಿಯಾಗುತ್ತದೆ. ರಕ್ತ ಬೆರೆತಿದ್ದರೂ ನೀಲಿಯಾಗಬಹುದಾದ್ದರಿಂದ ಕಾಗದವೊಂದನ್ನೇ ನಂಬುವುದಿಲ್ಲವೆಂದೂ, ಕಣ್ಣಿಗೆ ಕಂಡದ್ದೇ ಮುಖ್ಯವೆಂದೂ ತಂಗಿಗೆ ವಿವರಿಸಿದರು. ಆಮೇಲೆ ಅರ್ಧ ಗಂಟೆಯ ಹೊತ್ತು ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತದ ನಕ್ಷೆ ತೆಗೆದರು. ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕಾದ ಬಡಿತ ಆ ಮಿತಿಯೊಳಗೇ ಇದ್ದುದನ್ನು ನಮಗೂ ತೋರಿಸಿದರು.

ಇನ್ನು ಕಾಯಬೇಕೇ, ನೋವು ಬರಿಸಬೇಕೇ ಎಂಬ ಪ್ರಶ್ನೆ. ಈ ಮಾತುಕತೆಯನ್ನು ವೈದ್ಯರು ತಂಗಿಯೊಡನೆ ನಡೆಸಿದರೇ ಹೊರತು ಹೊರಗೆ ನಿಂತಿದ್ದ ಗಂಡಸರೊಡನೆ ಅಲ್ಲ ಎಂಬುದನ್ನು ಮೊದಲು ದಾಖಲಿಸುತ್ತೇನೆ. ಅವರು ಹೇಳಿದ್ದರ ಹಿಂದೆ 1996ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನವಿದೆ. ಕೆನಡಾದ ವೈದ್ಯರ ಮುಂದಾಳತ್ವದಲ್ಲಿ ಆರು ದೇಶಗಳ 5041 ಮಹಿಳೆಯರನ್ನು ಸೇರಿಸಿಕೊಂಡು ನಡೆದ ಆ ಅಧ್ಯಯನದಲ್ಲಿ ಒಂದು ಭಾಗದವರಿಗೆ ಕೂಡಲೇ ನೋವು ಬರಿಸಲಾಯಿತು, ಇನ್ನೊಂದು ಭಾಗದವರನ್ನು ನಾಲ್ಕು ದಿನಗಳವರೆಗೆ ಕಾಯಲು ಬಿಡಲಾಯಿತು. ಸಿಸೇರಿಯನ್ ಪ್ರಮಾಣದಲ್ಲಿಯೂ ಮಕ್ಕಳ ಸೋಂಕಿನಲ್ಲಿಯೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ತಾಯಂದಿರಲ್ಲಿ ಗರ್ಭಕೋಶದ ಸೋಂಕು ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ಪನ್ನು ಕೂಡಲೇ ಹಾಕಿಸಿಕೊಂಡವರಲ್ಲಿ ನೂರಕ್ಕೆ 4ರಷ್ಟಿದ್ದರೆ, ಕಾದು ಅನಂತರ ಅದೇ ಡ್ರಿಪ್ ಪಡೆಯಬೇಕಿದ್ದ ಗುಂಪಿನಲ್ಲಿ 8.6ರಷ್ಟಿತ್ತು. ನಮ್ಮ ಕಡೆ "ನೋವು ಬರಿಸಿದರೆ ಕೊನೆಗೆ ಕೊಯ್ಯುವುದೇ ಗತಿ" ಎಂಬ ಮಾತು ಎಷ್ಟು ಬೇರೂರಿದೆಯೆಂದರೆ, ಮೊದಲ ಭಾಗವನ್ನು ಕೇಳಿ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ನೀರು ಪೂರ್ತಿ ಬತ್ತಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅವರ ಭಯಕ್ಕೂ ವೈದ್ಯರು ಸಮಾಧಾನದ ಉತ್ತರ ಕೊಟ್ಟರು: ಆ ನೀರಿನ ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ ಅದು ಒಳಗೆ ತಯಾರಾಗುತ್ತಲೇ ಇರುತ್ತದೆ, ಒಮ್ಮೆ ಸೋರಿದ ಮಾತ್ರಕ್ಕೆ ಮುಗಿದುಹೋಗುವುದಿಲ್ಲ. ಕೊನೆಗೆ, ನೀರು ತಿಳಿಯಾಗಿದೆ, ಮಗು ಚೆನ್ನಾಗಿದೆ, ತಲೆ ಇಳಿದಿದೆ ಎಂಬ ಕಾರಣಕ್ಕೆ 24 ಗಂಟೆಯವರೆಗೆ ಆಸ್ಪತ್ರೆಯಲ್ಲಿದ್ದುಕೊಂಡೇ ಕಾಯುವುದಾಗಿಯೂ, ಮಧ್ಯೆ ಏನಾದರೂ ಬದಲಾದರೆ ಕೂಡಲೇ ನೋವು ಬರಿಸುವುದಾಗಿಯೂ ತಂಗಿಯ ಒಪ್ಪಿಗೆಯಿಂದ ತೀರ್ಮಾನವಾಯಿತು.

ಕಾಯುವ ಹೊತ್ತಿನ ಆರೈಕೆಯಲ್ಲಿ ಆಡಂಬರವೇನೂ ಇರಲಿಲ್ಲ, ಕ್ರಮವಿತ್ತು. ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ, ಮಗುವಿನ ಬಡಿತ ನೋಡಿ ಹಾಸಿಗೆಯ ತುದಿಯಲ್ಲಿದ್ದ ಹಾಳೆಯಲ್ಲಿ ಬರೆಯುತ್ತಿದ್ದರು. ಬಿಸಾಡುವ ಮೊದಲು ಪ್ರತಿ ಪ್ಯಾಡನ್ನೂ ಸಿಸ್ಟರ್ ಕಣ್ಣಾರೆ ನೋಡಿ ಬಣ್ಣ ಮತ್ತು ವಾಸನೆಯನ್ನು ದಾಖಲಿಸುತ್ತಿದ್ದುದನ್ನು ಕಂಡು ನನಗೆ ಅವರ ಮೇಲೆ ಗೌರವ ಹೆಚ್ಚಿತು. ಯಾವ ಯಂತ್ರವೂ ಮಾಡಲಾರದ ಕೆಲಸವದು. ತಂಗಿಗೆ ಓಡಾಡಲು, ಎಡಮಗ್ಗುಲಿಗೆ ಮಲಗಲು, ಬಿಸಿನೀರಿನ ಸ್ನಾನ ಮಾಡಲು ಅನುಮತಿಯಿತ್ತು. ಗಂಜಿ, ಇಡ್ಲಿ, ಎಳನೀರು ಕೊಡಬಹುದೆಂದರು. ರಾತ್ರಿಯ ಪಾಳಿಯಲ್ಲಿ ಮಾತ್ರ ಬೇರೊಬ್ಬರು ಬಂದು ಸಿಸೇರಿಯನ್ ಆಗಬಹುದು, ಏನೂ ಕೊಡಬೇಡಿ ಎಂದು ಹೇಳಿ ಗೊಂದಲ ಮಾಡಿದರು. ಹಾಗೆ ಹಸಿದು ದಣಿದವಳು ನೋವು ಬಂದಾಗ ಹೇಗೆ ತಡೆದಾಳು? ಹಗಲಿನ ಸೂಚನೆ ಹಾಳೆಯಲ್ಲಿ ಬರೆದಿರಲಿಲ್ಲವೆಂಬುದೇ ಇದಕ್ಕೆ ಕಾರಣವಾಗಿತ್ತು.

ಪಾಳಿ ಬದಲಾದಾಗಿನ ಇದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿದೆ. ರಾತ್ರಿಯ ಡ್ಯೂಟಿ ಡಾಕ್ಟರ್ ಬಂದವರೇ, ನೋವು ಇನ್ನೂ ಬಂದಿರದಿದ್ದರೂ, "ಒಮ್ಮೆ ನೋಡಿಬಿಡೋಣ" ಎಂದು ಒಳಪರೀಕ್ಷೆಗೆ ಕೈಗವಸು ಹಾಕಿಕೊಂಡರು. ಹಿರಿಯ ಸಿಸ್ಟರ್ ಮೆಲ್ಲಗೆ, ಆದರೆ ಗಟ್ಟಿಯಾಗಿ, "ಮೇಡಂ, ನೋವು ಬರೋವರೆಗೂ ಒಳಪರೀಕ್ಷೆ ಬೇಡ ಅಂತ ದೊಡ್ಡ ಮೇಡಂ ಹೇಳಿದ್ದಾರೆ" ಎಂದದ್ದರಿಂದ ಅದು ತಪ್ಪಿತು. ಅಂದರೆ ಹಗಲಿನಲ್ಲಿ ಅಷ್ಟು ಜಾಗ್ರತೆಯಿಂದ ಪಾಲಿಸಿದ ನಿಯಮ ರಾತ್ರಿಯಲ್ಲಿ ಒಬ್ಬ ಸಿಸ್ಟರ್‌ರ ನೆನಪು ಮತ್ತು ಧೈರ್ಯದ ಮೇಲೆ ನಿಂತಿತ್ತು. ಹಾಸಿಗೆಯ ಮೇಲ್ಗಡೆ ಒಂದು ಚೀಟಿ ಅಂಟಿಸಿದ್ದರೆ ಸಾಕಾಗಿತ್ತು. ಇದನ್ನು ಬಿಡುಗಡೆಯ ದಿನ ಬರವಣಿಗೆಯಲ್ಲಿ ಆಡಳಿತಕ್ಕೆ ಕೊಟ್ಟಿದ್ದೇನೆ.

ಒಪ್ಪಿಗೆ ಪತ್ರದ ಬಗ್ಗೆ ನನಗೆ ನಿಜವಾದ ಬೇಸರವಿದೆ. ನೋವು ಬರಿಸುವುದಕ್ಕೂ ಅಗತ್ಯ ಬಿದ್ದರೆ ಶಸ್ತ್ರಚಿಕಿತ್ಸೆಗೂ ಸಹಿ ಹಾಕಿಸಿಕೊಳ್ಳುವ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಾಯಿಮಾತಿನಲ್ಲಿ ಅಷ್ಟು ಸೊಗಸಾಗಿ ಕನ್ನಡದಲ್ಲಿ ವಿವರಿಸುವವರು ಅದನ್ನೇ ಕಾಗದದ ಮೇಲೆ ಕನ್ನಡದಲ್ಲಿ ಕೊಡಲು ಏನು ಅಡ್ಡಿ? ಬರುವ ಬಸುರಿಯರಲ್ಲಿ ಬಹುಪಾಲು ಸುತ್ತಲಿನ ತಾಲ್ಲೂಕುಗಳ ಹೆಣ್ಣುಮಕ್ಕಳು. ಲೇಬರ್ ಕೋಣೆಯೊಳಗೆ ಜೊತೆಗಾರ್ತಿಯೊಬ್ಬಳನ್ನು ಬಿಡುವ ವಿಷಯದಲ್ಲಿಯೂ ಮೊದಲು ತಕರಾರು ಮಾಡಿದರು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಲಕ್ಷ್ಯ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಹೆರಿಗೆಯ ವೇಳೆ ಜೊತೆಗಾರ್ತಿ ಇರಬೇಕೆಂದು ಒತ್ತಿ ಹೇಳುವಾಗ, ಹಣ ಪಡೆಯುವ ಖಾಸಗಿ ಆಸ್ಪತ್ರೆಯಲ್ಲಿ ಇದಕ್ಕೆ ಬೇಡಿಕೊಳ್ಳಬೇಕಾದದ್ದು ಸರಿಯಲ್ಲ. ಕೇಳಿದ ಮೇಲೆ ಬಿಟ್ಟರು ಎಂಬುದನ್ನೂ ಹೇಳಬೇಕು. ಬಿಲ್ಲಿನಲ್ಲಿ ಎದೆಬಡಿತದ ಪ್ರತಿ ನಕ್ಷೆಗೂ ಪ್ರತ್ಯೇಕ ದರ ಹಾಕಿದ್ದರು. ಕಾಯುವವರಿಗೆ ಈ ನಕ್ಷೆಯನ್ನು ಹಲವು ಸಲ ತೆಗೆಯಲೇಬೇಕಾಗುವುದರಿಂದ, ಸೇರಿಸಿಕೊಳ್ಳುವಾಗಲೇ ಇದನ್ನು ತಿಳಿಸಬೇಕಿತ್ತು.

ನೀರು ಹೋಗಿ 18 ಗಂಟೆಯಾಗುತ್ತಿದ್ದಂತೆ, ಜ್ವರವಿಲ್ಲದಿದ್ದರೂ, ಮಗುವಿಗೆ ಸೋಂಕು ತಗಲದಿರಲೆಂದು ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಆರಂಭಿಸಿದರು. ಮರುದಿನ ಬೆಳಗಿನವರೆಗೂ ನೋವು ಬಾರದ್ದರಿಂದ ಮಾತು ಕೊಟ್ಟಂತೆ ಇನ್ನೂ ಮುಂದೂಡದೆ ನೋವು ಬರಿಸುವ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು 25 ಮೈಕ್ರೋಗ್ರಾಮಿನ ಸಣ್ಣ ಪ್ರಮಾಣದಲ್ಲಿ ಬಾಯಿಗೇ ಕೊಡುತ್ತ ಬಂದರು. ಈ ಗುಳಿಗೆಯ ಪ್ರಮಾಣ ಹೆಚ್ಚಾದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿದು ಮಗುವಿಗೆ ತೊಂದರೆಯಾಗಬಹುದಾದ್ದರಿಂದ ಪ್ರತಿ ಗುಳಿಗೆಗೂ ಮೊದಲು ಬಡಿತ ನೋಡಿದರು. ನೋವು ಮಧ್ಯಾಹ್ನಕ್ಕೆ ಬಿಗಿಯಾಯಿತು, ಸಂಜೆಯೊಳಗೆ ಸಹಜವಾಗಿಯೇ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಮೇಲೂ ಸೋಂಕಿನ ಲಕ್ಷಣಕ್ಕಾಗಿ ಮಗುವಿನ ಉಸಿರು, ಮೈಬಿಸಿ, ಹಾಲು ಕುಡಿಯುವ ಚುರುಕು ಇವನ್ನು ಮರುದಿನದವರೆಗೂ ಬಿಡದೆ ಗಮನಿಸಿದರು. ಹೆರಿಗೆ ಮುಗಿದ ಕೂಡಲೇ ನೀರು ಹೋದ ಸಂಗತಿಯನ್ನು ಮರೆತುಬಿಡದ ಈ ಎಚ್ಚರಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಹಾಗಾದರೆ ಯಾರಿಗೆ ಈ ಆಸ್ಪತ್ರೆಯಂಥದ್ದು ಸರಿ? ದಿನ ತುಂಬಿದ, ಬೇರೆ ತೊಡಕಿಲ್ಲದ, ತಲೆ ಕೆಳಗಿರುವ ಬಸಿರಿಗೆ ಧೈರ್ಯವಾಗಿ ಹೇಳುತ್ತೇನೆ. 37 ವಾರಕ್ಕೆ ಮೊದಲೇ ನೀರು ಹೋದರೆ ಲೆಕ್ಕ ಪೂರ್ತಿ ಬೇರೆ: ಮಗು ಇನ್ನೂ ಬಲಿಯಬೇಕಾಗಿರುವುದರಿಂದ ಎಷ್ಟೋ ಸಲ ಹೆರಿಗೆಯನ್ನು ಮುಂದಕ್ಕೆ ಹಾಕುವುದೇ ಒಳಿತು, 34 ವಾರಕ್ಕಿಂತ ಮೊದಲಾದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡಬೇಕು, ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿರಬೇಕು. ಇಲ್ಲಿ ಆ ಘಟಕವಿಲ್ಲ, ಅದನ್ನು ಅವರು ಮರೆಮಾಚುವುದೂ ಇಲ್ಲ. ಅಂಥವರು ಜಿಲ್ಲೆಯ ಬೋಧನಾ ಆಸ್ಪತ್ರೆಯಾದ ಮೆಗ್ಗಾನ್‌ನಂಥಲ್ಲಿಗೆ ನೇರವಾಗಿ ಹೋಗುವುದು ಲೇಸು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ.

ಎಲ್ಲಿಯೇ ಹೆಸರು ಬರೆಸುವುದಾದರೂ ಎಂಟನೆಯ ತಿಂಗಳೊಳಗೆ ಒಮ್ಮೆ ಹೋಗಿ, ನೋವಿಲ್ಲದೆ ನೀರು ಹೋದರೆ ನೀವು ಮೊದಲು ಹೇಗೆ ಪರೀಕ್ಷೆ ಮಾಡುತ್ತೀರಿ, ಎಷ್ಟು ಗಂಟೆ ಕಾಯುತ್ತೀರಿ, ರಾತ್ರಿ ಪಾಳಿಯವರಿಗೆ ಆ ಸೂಚನೆ ಬರವಣಿಗೆಯಲ್ಲಿ ತಲುಪುತ್ತದೆಯೇ ಎಂದು ಕೇಳಿ. ನಾವು ಹೋದ ಆಸ್ಪತ್ರೆಯಲ್ಲಿ ಮೊದಲ ಎರಡಕ್ಕೆ ಸ್ಪಷ್ಟ ಉತ್ತರ ಸಿಗುತ್ತದೆ. ಮೂರನೆಯದನ್ನು ಸೇರಿದ ದಿನವೇ ಕೇಸ್ ಶೀಟಿನಲ್ಲಿ ನೀವೇ ನಿಂತು ಬರೆಸಿಕೊಳ್ಳಬೇಕು.